ರಸ್ತೆಯ ಆಚೆ ನಿಂತ ಹಳೇ ಲಾರಿ

ಹೊಟ್ಟೆಕಿಚ್ಚಿಗೆ ನಾನು ಬೇರೆ ಹೆಸರು ಇಡುವುದಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ನನ್ನದು ವಾಹನಗಳ ವೈರಿಂಗ್ ಶೆಡ್ಡು. ಸರಿಯಾಗಿ ಎದುರಿಗೆ, ಗಾಜಿನ ಬಾಗಿಲಿನ ಅಂಗಡಿ ಹಾಕಿಕೊಂಡು ರಾಯಚೂರಿನ ಇನ್ನೊಬ್ಬ ಎಲೆಕ್ಟ್ರಿಷಿಯನ್ ಕೂತಿದ್ದಾನೆ. ಹೀಗಿರುವಾಗ ಪ್ರಸಂಗಗಳು ಆಗದೆ ಏನಾಗುತ್ತವೆ? ನಾನು ಶಾಲೆಯಲ್ಲಿ ಈ ಕೆಲಸ ಕಲಿತವನಲ್ಲ, ಶಾಕ್ ಹೊಡೆಸಿಕೊಂಡು ಕಲಿತವನು. ಮೆಕ್ಯಾನಿಕ್ಕುಗಳ ಸಂಘ ಕಟ್ಟಿ, ಶೆಡ್ಡು ಎಬ್ಬಿಸಲು ಬಂದವರ ಎದುರು ರಸ್ತೆಯಲ್ಲಿ ಮಲಗಿದವನು. ಅಂಥವನ ಕೈಯಿಂದ ಒಂದು ಲಾರಿ ತಪ್ಪಿಹೋದರೆ ಸುಮ್ಮನಿರಬೇಕೇ?

ಅದು ನಮ್ಮ ಯಾದಗಿರಿ ಕಡೆಯ ಬೇಳೆಕಾಳಿನ ಸಾವುಕಾರರ ಲಾರಿ. ಅವರ ಅಪ್ಪ ಓಡಿಸುತ್ತಿದ್ದ, ಉದ್ದ ಮೂತಿಯ ಪೆಟ್ರೋಲ್ ಗಾಡಿ. ಮಗಳನ್ನು ಅದರಲ್ಲೇ ಕೂರಿಸಿಕೊಂಡು ಶಂಶಾಬಾದಿನ ಮದುವೆ ಹಾಲಿಗೆ ಹೋಗಬೇಕೆಂದು ಸಾವುಕಾರರ ಆಸೆ. ಅದರ ವೈರಿಂಗ್ ಎಂದರೆ ನಾನು ಎಂದು ಇಡೀ ರಸ್ತೆಗೇ ಗೊತ್ತಿತ್ತು.

೧. ಅರ್ಥ

ಬ್ಯಾಟರಿಯ ಒಂದು ತಂತಿ ಲಾರಿಯ ಚಾಸಿಗೆ, ಎಂದರೆ ಕಬ್ಬಿಣದ ಮೈಗೆ, ಬಿಗಿಯಾಗಿ ಕಚ್ಚಿಕೊಂಡಿರಬೇಕು. ಅದಕ್ಕೆ ನಮ್ಮ ಕಸುಬಿನಲ್ಲಿ ‘ಅರ್ಥ್’ ಎನ್ನುತ್ತೇವೆ. ಅದು ಬಿಚ್ಚಿಕೊಂಡರೆ ಚಾವಿ ಎಷ್ಟು ತಿರುವಿದರೂ ಇಂಜಿನ್ ಏಳುವುದಿಲ್ಲ. ಒಮ್ಮೆ ಸಾವುಕಾರರು ಕೂತಿದ್ದಾಗಲೇ ಮಿಯಾಪುರದಲ್ಲಿ ಲಾರಿ ನಿಂತು, ಡ್ರೈವರ್ ಫೋನ್ ಮಾಡಿದ.

“ಮೊದ್ಲ ಅರ್ಥ್ ನೋಡು. ಅರ್ಥ್ ಆಗೇತೇನು?”

“ಅರ್ಥ ಆತ್ರೀ ಅಣ್ಣಾರ.”

“ಪೂರಾ ಆಗೇತೋ, ಅರ್ಧಮರ್ಧ ಆಗೇತೋ?”

“ಪೂರಾ ಅರ್ಥ ಆಗೇತ್ರಿ.”

ಅದು ಸರಿ ಇದ್ದ ಮೇಲೆ ಕೆಟ್ಟದ್ದು ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ಲೇ ಇರಬೇಕು. ಹೊಸ ಕಾಯಿಲ್ ಹಿಡಿದುಕೊಂಡು ಬಸ್ಸಿಗೆ ನೇತಾಡಿಕೊಂಡು ಹೋದೆ. ಅಷ್ಟರಲ್ಲಿ ಆ ದಾರಿಯಲ್ಲೇ ಹೊರಟಿದ್ದ ಎದುರಿನವನು ಬಾನೆಟ್ ಎತ್ತಿ, ಬಿಚ್ಚಿಕೊಂಡಿದ್ದ ಅರ್ಥ್ ತಂತಿಯನ್ನು ಬಿಗಿದು, ಇಂಜಿನ್ ಎಬ್ಬಿಸಿ, ಸಾವುಕಾರರು ಕೊಡಿಸಿದ ಕಬ್ಬಿನಹಾಲು ಕುಡಿಯುತ್ತ ನಿಂತಿದ್ದ.

ನಾನು ಡ್ರೈವರನ ಮೇಲೆ ಎಗರಿದೆ. “ಅರ್ಥ್ ಆಗೇತಿ ಅಂದ್ಯಲ್ಲೋ?”

“ಆಗಿತ್ರಿ. ನಿಮ್ಮ ಒಂದೊಂದು ಮಾತೂ ಅರ್ಥ ಆಗಿತ್ತು. ತಂತಿ ಬಿಗಿ ಅಂತ ನೀವು ಯಾವಾಗ ಹೇಳಿದ್ರಿ?”

೨. ಬಲ್ಬು

ಅಂದಿನಿಂದ ಲಾರಿ ರಸ್ತೆಯ ಆಚೆ ಹೋಯಿತು. ಮದುವೆಗೆ ಮುಂಚೆ ಅದು ಮತ್ತೆ ಮುಷ್ಕರ ಹೂಡಿದಾಗಲೂ ಸಾವುಕಾರರು ಅವನಿಗೇ ಒಪ್ಪಿಸಿದರು. ನಾನು ಸ್ಟೂಲನ್ನು ಬಾಗಿಲಿಗೆ ಎಳೆದುಕೊಂಡು ಕೂತೆ. ಅವನು ಹೊಸ ಕಾರುಗಳ ರೋಗ ಹೇಳುವ ಸ್ಕ್ಯಾನರ್ ಹಿಡಿದು ಒಳಗೆ ಹೊಕ್ಕ. ಅದನ್ನು ಚುಚ್ಚುವ ಜಾಗವನ್ನು ಸ್ಟೇರಿಂಗ್ ಕೆಳಗೆ ಹುಡುಕಿದ, ಸೀಟಿನ ಕೆಳಗೆ ಹುಡುಕಿದ. ಅವನಪ್ಪ ಹುಟ್ಟುವ ಮೊದಲಿನ ಗಾಡಿಯಲ್ಲಿ ಅದೆಲ್ಲಿಂದ ಬರಬೇಕು? ರಸ್ತೆಗೆಲ್ಲ ಕೇಳುವಂತೆ ನಕ್ಕೆ. ನಗು ನಿಲ್ಲಲೇ ಇಲ್ಲ.

ಅವನು ಸ್ಕ್ಯಾನರ್ ಒಳಗಿಟ್ಟು ಎಲ್ಲಿಗೋ ಹೋದ. ತಿರುಗಿ ಬಂದಾಗ ಕೈಯಲ್ಲಿ ಎರಡು ವೈರು ಕಟ್ಟಿದ ಬಲ್ಬು ಇತ್ತು. ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ನನ್ನಂಥವರು ಬಳಸುವ ಬಲ್ಬು ಅದು. ಬ್ಯಾಟರಿಯ ಹತ್ತಿರ ಹಿಡಿದ, ಹತ್ತಿತು. ಚಾವಿಯ ಹಿಂದೆ ಹಿಡಿದ, ಹತ್ತಿತು. ಕಾಯಿಲ್ ಹತ್ತಿರ ಹತ್ತಲಿಲ್ಲ. ನಡುವಿನ ಕೊಳೆತ ವೈರು ಕಿತ್ತು ಹೊಸದು ಎಳೆದ. ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಹೊಟ್ಟೆ ಉರಿದದ್ದೇ ಅದಕ್ಕೆ.

“ನೋಡು, ನನ್ನ ನೋಡೇ ಅಂಥಾ ಬಲ್ಬ್ ಕಟ್ಟ್ಯಾನ,” ಎಂದು ಶೆಡ್ಡಿನ ಹಿಂದಿನ ಮನೆಯಿಂದ ಬಂದ ಹೆಂಡತಿಗೆ ತೋರಿಸಿದೆ. “ಎಲ್ಲಾ ನಂದ ಕಾಪಿ.”

“ಕಾಪಿ ಅಲ್ಲ, ಅದು ನಿಮ್ದ. ಹಿತ್ತಲ ಬಾಗಿಲಿಗೆ ಬಂದು ಅಕ್ಕಾ ಅಂದ, ಕೊಟ್ಟೆ. ನಿಮ್ಮನ್ನ ಕೇಳೋಣಂದ್ರ ನೀವು ನಗಾಕತ್ತಿದ್ರಿ.”

೩. ಮೈಕು

ಸಂಘದ ಸಭೆ ಕರೆದೆ. ‘ಗಿರಾಕಿ ಕಸಿಯುವವರ ವಿರುದ್ಧ’ ಎಂದು ಬೋರ್ಡನ್ನೂ ನಾನೇ ಬರೆದೆ. ಎದುರಿನವನೂ ಸದಸ್ಯನೇ; ಬಂದು ಕಡೇ ಸಾಲಿನಲ್ಲಿ ಕೂತ. ನಾನು “ಬಂಧುಗಳೇ” ಎನ್ನುವಷ್ಟರಲ್ಲಿ ಮೈಕು ಸತ್ತಿತು. ಅದರ ವೈರಿಂಗ್ ಮಾಡಿದವನೂ ನಾನೇ. ತಟ್ಟಿದೆ, ಅಲ್ಲಾಡಿಸಿದೆ, ಬೈದೆ. ಅವನು ಎದ್ದು ಬಂದು, ಹಲ್ಲಿನಿಂದ ವೈರು ಸುಲಿದು ಜೋಡಿಸಿ, ಮತ್ತೆ ಹೋಗಿ ಕೂತ. ಜನ ಚಪ್ಪಾಳೆ ತಟ್ಟಿದರು. ಆ ಸಭೆಯಲ್ಲಿ ಬಿದ್ದ ಚಪ್ಪಾಳೆ ಅದೊಂದೇ.

ಬಿಟ್ಟೆನೇ? ಅವನನ್ನು ಗಿರಾಕಿಗಳ್ಳ ಎಂದೆ, ಗಾಜಿನ ಬಾಗಿಲಿನ ದೊರೆ ಎಂದೆ. ಕಡೇ ಸಾಲಿನಿಂದ ಅವನೇ ಕೈ ಎತ್ತಿದ.

“ಅಣ್ಣಾ, ಮೈಕ್ ಸ್ವಲ್ಪ ಬಾಯಿ ಹತ್ರ ಹಿಡೀರಿ. ಬೈಗುಳ ಹಿಂದ ಸರಿಯಾಗಿ ಕೇಳವಲ್ದು.”

೪. ದೃಷ್ಟಿ

ಮದುವೆಯ ದಿನ ಬೆಳಿಗ್ಗೆ ಲಾರಿ ಚೆಂಡುಹೂವಿನ ಹಾರ ಹಾಕಿಕೊಂಡು ಅವನ ಅಂಗಡಿಯ ಮುಂದೆ ಗುಡುಗುತ್ತಿತ್ತು. ಮುಂದಿನ ಸೀಟಿನಲ್ಲಿ ಮದುಮಗಳು, ಪಕ್ಕದಲ್ಲಿ ಅವಳ ಅಜ್ಜಿ, ಎಂದರೆ ಸಾವುಕಾರರ ತಾಯಿ. ಎದುರಿನವನು ನನ್ನನ್ನೊಮ್ಮೆ ನೋಡಿ, ಒಳಗೆ ಹೋಗಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ತಂದ. ದಾರ ಹರಿದೀತೆಂದು ತಾಮ್ರದ ತಂತಿಯಲ್ಲಿ ಪೋಣಿಸಿದ್ದ. ಅದನ್ನು ಚಾವಿಯ ಕೆಳಗೆ ತೂಗುಹಾಕಿದ.

ಲಾರಿ ಹೊರಟಿತು. ನನ್ನ ಶೆಡ್ಡಿನ ಎದುರಿನ ಹಂಪು ಹತ್ತಿ ಇಳಿದದ್ದೇ ತಡ, ಫಟ್ಟೆಂದು ನಿಂತಿತು. ಹಿಂದಕ್ಕೆ ತಳ್ಳಿದರು, ಎದ್ದಿತು. ಮತ್ತೆ ಹಂಪು, ಮತ್ತೆ ಫಟ್. ಅವನು ಬಾನೆಟ್ ಎತ್ತಿ ಕಾಯಿಲ್ಲು, ಪ್ಲಗ್ಗು ಎಲ್ಲ ತಡಕಾಡಿದ. ಎಲ್ಲವೂ ಸರಿಯಾಗಿತ್ತು. ಜನ ಲಾರಿಯನ್ನು ಬಿಟ್ಟು ನನ್ನ ಮುಖ ನೋಡತೊಡಗಿದರು.

ಸಾವುಕಾರರು ಬಂದು ಕೈ ಮುಗಿದರು. “ಒಳಗ ಹೋಗಿ ಬಾಗಿಲಾ ಹಾಕ್ಕೋರಿ. ಮುಹೂರ್ತ ಮೀರಾಕತ್ತೈತಿ.”

ನೆತ್ತಿಗೇರಿತು. ಒಳಗೆ ಹೋಗಲಿಲ್ಲ. ನೆಟ್ಟಗೆ ಲಾರಿಗೆ ಹತ್ತಿ ಚಾವಿಯ ಕೆಳಗೆ ತಲೆ ತೂರಿಸಿದೆ. ಮೆಣಸಿನಕಾಯಿ ಕಮರಿದ ಘಾಟು ಮೂಗಿಗೆ ಬಡಿಯಿತು. ಹಂಪಿನಲ್ಲಿ ಜಿಗಿದ ತಾಮ್ರದ ತಂತಿ ಒಂದು ಕಡೆ ಚಾವಿಯ ಹಿಂದಿನ ವೈರಿಗೆ, ಇನ್ನೊಂದು ಕಡೆ ಲಾರಿಯ ತಗಡಿಗೆ ತಗುಲಿ ಶಾರ್ಟ್ ಆಗಿತ್ತು. ನಿಂಬೆಹಣ್ಣಿನ ಸಮೇತ ಕಿತ್ತು ಬಿಸಾಡಿ ಕೆಳಗೆ ಹಾರಿದೆ. ಇಂಜಿನ್ ಎದ್ದಿತು, ಲಾರಿ ಹಂಪು ದಾಟಿತು.

“ಶಾರ್ಟ್ ಆಗಿತ್ತು,” ಎಂದು ಪಕ್ಕದಲ್ಲೇ ಓಡುತ್ತ ಕೂಗಿದೆ. “ದೃಷ್ಟಿ ಅಲ್ಲ. ಇವ ಕಟ್ಟಿದ ತಂತಿದ ತಪ್ಪು.”

ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲಿಗೆ ಜೋತುಬಿದ್ದು ನಿಂತಿದ್ದ ಮಗನಿಗೆ ಹೇಳಿದಳು: “ನೋಡಿದೇನಪಾ, ದೃಷ್ಟಿ ಹಾಕಿದಾವನ ಬಂದು ತೆಗದ. ನಾಳಿಯಿಂದ ಗಾಡಿ ಇವನ ಹತ್ರನ ಬಿಡು. ತನ್ನ ಬಾಗಿಲದಾಗ ನಿಂತ ಗಾಡಿಗೆ ಯಾರೂ ದೃಷ್ಟಿ ಹಾಕೂದಿಲ್ಲ.”