ರೌಟರ್ ರಿಪೇರಿ ಮತ್ತು ನನ್ನ ವಚನ ಗಾಯನ

ಯಂತ್ರಗಳ ವಿಷಯದಲ್ಲಿ ನನಗೊಂದು ತಿಳಿವಳಿಕೆ ಇದೆ ಎಂದು ಆ ಭಾನುವಾರ ಬೆಳಗಿನವರೆಗೂ ನಂಬಿದ್ದೆ.

ಇಳಕಲ್ಲಿನ ಈ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ವಾರವಿಡೀ ಹುನಗುಂದದ ಕಚೇರಿಯಲ್ಲಿ ಟೈಪಿಂಗ್. ಭಾನುವಾರ ಹತ್ತು ಗಂಟೆಗೆ ಮಾತ್ರ ಆನ್‌ಲೈನ್ ವಚನ ಬಳಗ. ಪುಟ್ಟ ಪುಟ್ಟ ಚೌಕಗಳಲ್ಲಿ ನಲವತ್ತು ಜನ ಹೆಂಗಸರು. ಆ ವಾರ ಹಾಡುವ ಐದಾರು ಜನರಲ್ಲಿ ನಾನೂ ಒಬ್ಬಳು. ಎರಡು ವರ್ಷದಲ್ಲಿ ಮೊದಲ ಸಲ! ಎಂಟು ದಿನ ಕರೆಂಟಿನ ಶ್ರುತಿಪೆಟ್ಟಿಗೆ ಹಚ್ಚಿಕೊಂಡು ಗೋಡೆಗೆ ಹಾಡಿ ತೋರಿಸಿದ್ದೆ. ಗೋಡೆ ಆಕ್ಷೇಪ ಎತ್ತಿರಲಿಲ್ಲ.

ಒಂಬತ್ತಕ್ಕೆ ನೋಡಿದರೆ ರೌಟರಿನ ದೀಪಗಳು ಹತ್ತುತ್ತಿವೆ, ಆರುತ್ತಿವೆ, ಮತ್ತೆ ಹತ್ತುತ್ತಿವೆ. ಹಳೆಯ ಪೆಟ್ಟಿಗೆ, ನನಗಿಂತ ಮುಂಚೆ ಇಲ್ಲಿದ್ದ ದನದ ಡಾಕ್ಟರು ಬಿಟ್ಟುಹೋದದ್ದು. ಮೊಬೈಲ್ ಸಿಗ್ನಲ್ಲು ಈ ಕಲ್ಲಿನ ಮನೆಯ ಹೊಸ್ತಿಲು ದಾಟುವುದಿಲ್ಲ. ಹೊಸ್ತಿಲ ಮೇಲೂ ಮಾತಿಗೆ ಸಾಕು, ಹಾಡಿಗೆ ಸಾಲದು.

"ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಎಣಿಸಿದ್ರ ಎಲ್ಲಾ ಸರಿ ಆಗ್ತೈತ್ರಿ" ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಸೀರೆಯ ಪಿನ್ನು ಚುಚ್ಚಿದೆ. ಹತ್ತು ಕಡಿಮೆಯಾದೀತೆಂದು ಮೂವತ್ತು ಎಣಿಸಿದೆ. ರೌಟರ್ ಎಲ್ಲವನ್ನೂ ಮರೆತುಬಿಟ್ಟಿತು. ತನ್ನ ಹೆಸರನ್ನೂ!

ಹೊಸ್ತಿಲ ಮೇಲೆ ನಿಂತು ಇಂಟರ್ನೆಟ್ಟಿನವರಿಗೆ ಫೋನ್ ಮಾಡಿದೆ.

"ಪೆಟ್ಟಿಗಿ ಬುಡಕ ಒಂದು ಚೀಟಿ ಐತಲ್ರಿ ಮೇಡಂ, ಅದರಾಗಿನ ಪಾಸ್‌ವರ್ಡ್ ಹಾಕ್ರಿ. ಮುಂದಿಂದು ನಾ ಹೇಳ್ತೇನಿ."

ಚೀಟಿ ಇರಲಿಲ್ಲ. ದೀಪಾವಳಿಗೆ ಸೋಪು ಹಚ್ಚಿ ನಾನೇ ತಿಕ್ಕಿ ತೆಗೆದಿದ್ದೆ. ಅಷ್ಟು ಸ್ವಚ್ಛವಾದ ರೌಟರ್ ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ!

ನನ್ನ ಗದ್ದಲ ಕೇಳಿ ಪಕ್ಕದ ಮನೆಯ ರಾಜಾಬಿ ಮಗ್ಗ ಬಿಟ್ಟು ಬಂದಳು. ಬಗ್ಗಿ ನೋಡಿದಳು.

"ಗಿರಿಜಕ್ಕಾ, ನಿಮ್ಮ ಶ್ರುತಿಪೆಟ್ಟಿಗಿ ವೈರ್ ಇದಕ್ಯಾಕ ಹಾಕೀರಿ?"

ಹೌದು! ಹಿಂದಿನ ದಿನ ಅಭ್ಯಾಸ ಮುಗಿಸಿ ಎರಡರ ಅಡಾಪ್ಟರನ್ನೂ ಅದಲುಬದಲು ಮಾಡಿದವಳು ನಾನೇ. ರೌಟರಿಗೆ ರೋಗವೇ ಇರಲಿಲ್ಲ. ನಾನು ಆಪರೇಷನ್ ಮಾಡಿ ಮುಗಿಸಿದ್ದೆ.

"ವೈರೇನೋ ಸರಿ ಮಾಡಬಹುದು. ಪಾಸ್‌ವರ್ಡ್ ಎಲ್ಲಿಂದ ತರೂದು ರಾಜಾಬಿ?"

ರಾಜಾಬಿ ಸೆರಗಿನ ತುದಿ ತಿರುವುತ್ತ ನಿಂತಳು. "ಆ ಚೀಟಿ ಫೋಟೋ ನನ್ನ ಮೊಬೈಲಿನಾಗ ಐತ್ರಿ. ಡಾಕ್ಟರು ಕೊಟ್ಟಿದ್ರು. ಅವಾಗಿಂದ ನಿಮ್ಮ ನೆಟ್ಟೇ ನಮಗೂ... ಸಿಟ್ಟಾಗಬ್ಯಾಡ್ರಿ."

ಸಿಟ್ಟು ಬರಲಿಲ್ಲ. ಇಷ್ಟು ದಿನ ಈ ಮನೆಯಲ್ಲಿ ಒಂದು ವಸ್ತುವನ್ನಾದರೂ ಇನ್ನೊಬ್ಬರ ಜೊತೆ ಹಂಚಿಕೊಂಡಿದ್ದೆ ಎಂದು ತಿಳಿದು, ಅವಳಿಗೆ ಕುರ್ಚಿ ಎಳೆದು ಕೊಟ್ಟೆ.

ವೈರು ಬದಲಿಸಿ, ಫೋಟೋ ನೋಡಿ, ಫೋನಿನವನು ಹೇಳಿದ್ದನ್ನೆಲ್ಲ ಒತ್ತಿ, ದೀಪಗಳು ನೆಟ್ಟಗೆ ನಿಂತಾಗ ಹನ್ನೊಂದೂಕಾಲು. ಬಳಗ ಮುಗಿದು ಹೋಗಿತ್ತು. ರಾಜಾಬಿ ಮಗ್ಗಕ್ಕೆ ಮರಳಿದಳು.

ಕ್ಷಮೆ ಕೇಳಲೆಂದು ಬಳಗದ ಗ್ರೂಪ್ ತೆರೆದೆ. ಒಂದರ ಕೆಳಗೊಂದು ಸಂದೇಶ.

"ಏನ್ ಕಂಠರೀ ಗಿರಿಜಕ್ಕಾ!"

"ಕಣ್ಣಾಗ ನೀರು ಬಂತ್ರಿ."

"ಇವತ್ತಿಂದು ನಿಮ್ಮದೇ ಎಲ್ಲಕ್ಕಿಂತ ಛಲೋ ಆತು."

ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅವರಿಗೆ ಅಷ್ಟೇ ಸಾಕಾಗಿತ್ತು. ನಲವತ್ತು ಜನರಲ್ಲಿ ಒಬ್ಬರಿಗೂ ನಾನು ಇರಲಿಲ್ಲವೆಂಬುದು ಗೊತ್ತಾಗಿರಲಿಲ್ಲ!

'ನಾನು ಹಾಡಲೇ ಇಲ್ಲ' ಎಂದು ಟೈಪ್ ಮಾಡಿದೆ. ನೋಡುತ್ತ ಕುಳಿತೆ. ಅಳಿಸಿದೆ. ಆಮೇಲೆ ಬರೆದು ಕಳಿಸಿದೆ:

"ಧನ್ಯವಾದಗಳು. ಎರಡನೇ ಸಾಲಿನಲ್ಲಿ ಶ್ರುತಿ ಸ್ವಲ್ಪ ತಪ್ಪಿತು, ಹೊಟ್ಟೆಗೆ ಹಾಕಿಕೊಳ್ಳಿ."