ಸಮುದ್ರದೇವಿಯನ್ನು ಗದರಿಸಿದ ಭಾವ

ನನ್ನ ಭಾವನಿಗೆ ದೇವರ ಹೆದರಿಕೆ ಇಲ್ಲ. ಹೆದರಿಕೆ ಏನಿದ್ದರೂ ದೇವರಿಗೆ! ಗಲ್ಫ್ ದೇಶದ ಅಹ್ಮದಿಯಲ್ಲಿ, ಎಣ್ಣೆ ಕಂಪನಿ ಕೊಟ್ಟ ಮನೆಯಲ್ಲಿ, ದಿನಾ ಬೆಳಿಗ್ಗೆ ಕ್ಯಾಲೆಂಡರಿನ ದುರ್ಗೆಗೆ ಊದುಬತ್ತಿ ತೋರಿಸಿ, "ಯಲ್ಲಾ ಅಮ್ಮ, ಬಸ್ಸು ಬರ್ಲಿಕ್ಕಾಯ್ತು, ಬೇಗ ಆಶೀರ್ವಾದ ಮಾಡಿ" ಎಂದು ಅರಬಿ ಬೆರೆಸಿ ಅವಸರಪಡಿಸುವವರು ಬೇರೆ ಯಾರಿದ್ದಾರೆ ಹೇಳಿ?

ಇಂಥ ಭಾವನ ಜೋರು ಮಗನ ಮುಂದೆ ಮಾತ್ರ ನಡೆಯಲಿಲ್ಲ. ಅಪ್ಪ ಹುಡುಕಿಕೊಟ್ಟ ಆಫೀಸು ಕೆಲಸ ಬಿಟ್ಟು ಅವನು ಎಣ್ಣೆ ಹಡಗು ಹತ್ತಿದ. ಭಾವ "ಖಲಾಸ್!" ಎಂದು ಮಾತು ಬಿಟ್ಟರು. ಒಂದೂವರೆ ವರ್ಷ! ಕೊನೆಗೆ ಹಡಗು ಎಣ್ಣೆ ತುಂಬಿಕೊಳ್ಳಲು ಮೀನಾ ಅಬ್ದುಲ್ಲಾ ಬಂದರಿಗೆ, ಅಂದರೆ ಮನೆಯಿಂದ ಅರ್ಧ ಗಂಟೆಯ ದಾರಿಗೆ, ಬರುತ್ತದೆಂದು ಅಕ್ಕ ಕುಣಿದಾಡುತ್ತಿದ್ದರೆ, ಭಾವ ಅದೇ ವಾರ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ಸಿಂಗಾಪುರಕ್ಕೆ ಹೊರಟರು.

"ಇದು ಪ್ರವಾಸ ಮಾರಾಯ. ಅವನಿಗೂ ಇದಕ್ಕೂ ಎಂತ ಸಂಬಂಧ?"

ಆದರೆ ಇಳಿದ ಮರುದಿನವೇ ನಡೆದದ್ದು ಚೀನೀಯರ ಹಳೆಯ ದೇವಸ್ಥಾನಕ್ಕೆ. ಕಡಲು ದಾಟಿ ಜೀವಂತ ಬಂದವರು ಸಮುದ್ರದೇವಿಗೆ ಕಟ್ಟಿಸಿದ್ದಂತೆ. "ಕಟ್ಟಡ ಚಂದ ಉಂಟಂತೆ" ಎಂದರು, ನಾನು ಕೇಳದೆಯೇ!

ಅಲ್ಲಿ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ಭಾವ ಬಿಟ್ಟರು. ಬಿಟ್ಟು, ಬಾಗಿಲಲ್ಲೇ ನಿಂತು, ಬಂದವರಿಗೆಲ್ಲ ಕಣ್ಣು ದೊಡ್ಡದು ಮಾಡಿ ಕಾಲು ತೋರಿಸಿದರು. ಹತ್ತೇ ನಿಮಿಷ! ಆರು ಮಂದಿ ಬಿಳಿಯರು ಬರಿಗಾಲಲ್ಲಿ ಕೈಮುಗಿದು ನಿಂತಿದ್ದರು, ಅವರ ಗೈಡ್ ಬೂಟಿನ ಲಾಡಿ ಬಿಚ್ಚುತ್ತಿದ್ದ.

ದೇವಿಯ ಮುಂದೆ ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳಿದ್ದವು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಎಸೆಯಬೇಕು ಎಂದು ಅಲ್ಲಿನ ಮುದುಕರೊಬ್ಬರು ವಿವರಿಸಿದರು. ಒಂದು ಮಗುಚಿ, ಒಂದು ಅಂಗಾತ ಬಿದ್ದರೆ ದೇವಿ ಒಪ್ಪಿದಳು. ಎರಡೂ ಮಗುಚಿದರೆ ಇಲ್ಲ. ಎರಡೂ ಅಂಗಾತವಾದರೆ ದೇವಿ ನಗುತ್ತಿದ್ದಾಳೆ!

ಭಾವ ಎಸೆದರು. ಇಲ್ಲ. ಮತ್ತೆ ಎಸೆದರು. ಇಲ್ಲ. ಮೂರನೆಯ ಸಲ ದೇವಿ ನಕ್ಕಳು.

"ಇದ್ರಲ್ಲಿ ನಗ್ಲಿಕ್ಕೆ ಎಂತ ಉಂಟು ಅಮ್ಮ?" ಭಾವ ಗದರಿದರು.

"ಸಾಕು ಭಾವ, ಹಿಂದೆ ಜನ ಕಾಯ್ತಾ ಇದ್ದಾರೆ."

"ನೀನು ಸುಮ್ನಿರು. ನಮ್ಮ ತುಳು ಭಾಷೆ ಅಮ್ಮನಿಗೆ ಹೊಸತಲ್ವಾ? ಅರ್ಥ ಆಗ್ಲಿಕ್ಕೆ ಸ್ವಲ್ಪ ಹೊತ್ತು ಬೇಕು."

ಒಂಬತ್ತನೆಯ ಸಲಕ್ಕೆ ದೇವಿ ಸೋತು ಒಪ್ಪಿದಳು. ಭಾವನ ಹಣೆಯೆಲ್ಲ ಬೆವರು.

"ಮಗ ಕ್ಷೇಮವಾಗಿರ್ತಾನಂತಾ?" ಎಂದು ಕೆಣಕಿದೆ.

"ನಾನು ಅದು ಕೇಳ್ಲಿಲ್ಲ." ಭಾವ ಕಂಬದ ಕಡೆ ನೋಡಿದರು. "ನಾನೇ ಮೊದ್ಲು ಫೋನ್ ಮಾಡ್ಬಹುದಾ ಅಂತ ಕೇಳಿದೆ."

ಅಷ್ಟು ಹೊತ್ತು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಭಾವ ಅಂಗಳಕ್ಕೆ ಬಂದು, ಎಲ್ಲೂ ನೋಡದೆ, ಮಗನ ನಂಬರು ಒತ್ತಿದರು. ಅತ್ತಲಿಂದ "ಹಲೋ" ಕೇಳಿಸಿತು. ದೇವಿಯನ್ನೇ ಗದರಿದವರು ಈಗ ದನಿ ತಗ್ಗಿಸಿದರು.

"ಮಗಾ, ಊಟ ಆಯ್ತಾ?" ಎಂದರು. "ಮೀನಾ ಅಬ್ದುಲ್ಲಾದಿಂದ ಹಡಗು ಹೊರಡ್ಲಿಕ್ಕೆ ಎಷ್ಟು ದಿನ ಉಂಟು? ಎರಡಾ? ನಿಲ್ಲು, ನಿಲ್ಲು... ನಾನು ಬಂದೆ."