ಮುಷ್ಟಿ ಹಿಡಿಸುವ ಸಂದು

ಕಬ್ಬಿಣದ ಕೆಲಸ ಮಾಡುವವನನ್ನು ನಗು ತಾನೇ ಹುಡುಕಿಕೊಂಡು ಬರುತ್ತದೆ; ಅದನ್ನು ಕಾಸಿ ಬಡಿಯಬೇಕಾಗಿಲ್ಲ. ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಹತ್ತಿ ಗಿರಣಿಯ ಮೇಸ್ತ್ರಿ. ಅಲ್ಲಿ ನಾನು ಹಾಕಿದ ಒಂದೇ ಒಂದು ಕಂಬಿ ಎಷ್ಟು ನಗಿಸಿತೆಂದರೆ, ನೆನೆದರೆ ಈಗಲೂ ಮೀಸೆ ಕುಣಿಯುತ್ತದೆ.

೧. ಕಪ್ಪಿನ ಕಿವಿ

ಗಿರಣಿಯ ಅಟ್ಟದ ಮೆಟ್ಟಿಲು ಬಲು ಕಡಿದು. ಹಿಂದಿನ ಸುಗ್ಗಿಯಲ್ಲಿ ಒಬ್ಬ ಹಮಾಲ ಹತ್ತಿಬೀಜದ ಮೇಲೆ ಕಾಲಿಟ್ಟು ಜಾರಿ ಸೊಂಟ ಮುರಿದುಕೊಂಡಿದ್ದ. ತಪಾಸಣೆಗೆ ಬಂದ ಸಾಹೇಬರು, ಗೋಡೆಗುಂಟ ಕೈ ಹಿಡಿಯಲು ಕಂಬಿ ಬೇಕು, ಗೋಡೆಗೂ ಕಂಬಿಗೂ ನಡುವೆ ಮುಷ್ಟಿ ಹಿಡಿಸುವಷ್ಟು ಸಂದು ಬೇಕು ಎಂದು ಹುಕುಂ ಮಾಡಿ ಹೋದರು.

ಗಿರಣಿ ಮಾಲಕರಾದ ಸಾವ್ಕಾರರಿಗೆ ಸಿಟ್ಟು. "ಸಂದು ಯಾಕ? ಹತ್ತಿ ಚೀಲ ಹೊತ್ತವರು ಹೆಂಗ ಹಾಯಬೇಕು? ಗ್ವಾಡಿಗಿ ಅಂಟಿಸಿಬಿಡು."

"ಸಾವ್ಕಾರ್ರ, ನಿಮ್ಮ ಕಪ್ಪಿನ ಕಿವಿ ಕಪ್ಪಿಗೇ ಅಂಟಿಸಿದ್ರ ಚಹಾ ಹೆಂಗ ಕುಡೀತೀರಿ?" ಎಂದೆ.

ಕಪ್ಪಿನ ಕೆಳಗಿನ ತಟ್ಟೆ ತೋರಿಸಿ, "ಬಸಿಯಾಗ ಹಾಕ್ಕೊಂಡು," ಎಂದರು.

೨. ಖಾಲಿ ಜಾಗ

ಕೊನೆಗೆ ಒಪ್ಪಿದರು, ಆದರೆ ಒಂದು ಕರಾರು. "ಅಮಾಸಿ ಮರುದಿನ ಬಂದು ನೋಡ್ತೀನಿ. ಒಬ್ಬರೂ ಹಿಡಿದಿದ್ದು ಕಾಣಲಿಲ್ಲಂದ್ರ ಕಂಬಿನೂ ಕೀಳ್ತೀನಿ, ನಿನ್ನೂ ಮನಿಗಿ ಕಳಸ್ತೀನಿ."

ಕಂಬಿ ಹಾಕಿದೆ. ಮರುದಿನ ನೋಡಿದರೆ ಕಂಬಿಯೇ ಇಲ್ಲ! ದೇವದುರ್ಗದ ಹಮಾಲರು ಆ ಸಂದಿಯಲ್ಲಿ ರೊಟ್ಟಿ ಗಂಟು, ರುಮಾಲು, ಎಲೆ ಅಡಿಕೆ ಚೀಲ ಎಲ್ಲವನ್ನೂ ಸಿಕ್ಕಿಸಿ ಮುಚ್ಚಿಬಿಟ್ಟಿದ್ದರು.

"ಇದೇನು ಗೂಟ ಅಂದ್ಕೊಂಡ್ರೇನ್ಲೇ?" ಎಂದು ಕೂಗಾಡಿದೆ.

ಹಿರಿಯ ಹಮಾಲ ಕೈಮುಗಿದ. "ಸಿಟ್ಟಾಗಬ್ಯಾಡ್ರಿ ಮೇಸ್ತ್ರಿ. ಇಷ್ಟು ಚಂದ ಸಂದು ಬಿಟ್ಟೀರಿ. ಖಾಲಿ ಬಿಟ್ರ ನಿಮಗ ಅವಮಾನ ಅಲ್ಲೇನ್ರಿ?"

೩. ಕಂಬಿಗೆ ಪೂಜೆ

ಗಂಟುಗಳನ್ನೆಲ್ಲ ತೆಗೆಸಿದೆ. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಂದು ಗಿರಣಿಯ ಯಂತ್ರಗಳಿಗೆಲ್ಲ ಪೂಜೆ. ಹೆಣ್ಣಾಳುಗಳು ನನ್ನ ಕಂಬಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಹೂ ಮುಡಿಸಿದರು. ನನ್ನ ಎದೆ ಉಬ್ಬಿತು.

ಮರುದಿನ ಎದೆ ಇಳಿಯಿತು. ಒಬ್ಬರೂ ಕಂಬಿ ಹಿಡಿಯಲೊಲ್ಲರು! ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈ ಮುಗಿದುಕೊಂಡೇ ಮೆಟ್ಟಿಲು ಹತ್ತುತ್ತಿದ್ದರು.

"ಯವ್ವಾ, ಹಿಡಿ ಬೇ!" ಎಂದು ಹತ್ತಿ ಆರಿಸುವ ಮಾನ್ವಿಯ ಮುದುಕಿಯನ್ನು ಬೇಡಿಕೊಂಡೆ.

"ಪೂಜಿ ಮಾಡಿದ್ದನ್ನ ಎಂಜಲ ಕೈಲೆ ಹಿಡೀತಾರೇನೋ ಯಪ್ಪಾ?"

ಅದೇ ಹೊತ್ತಿಗೆ ಸಾವ್ಕಾರರು ಬಂದರು. ಕೆಳಗೆ ನಿಂತು ನೋಡಿದರು, ನಕ್ಕರು. "ಹಿಡಿಯೋರು ಯಾರದಾರ ಮೇಸ್ತ್ರಿ? ಇವತ್ತೇ ಕೀಳು," ಎನ್ನುತ್ತ ಮೆಟ್ಟಿಲು ಹತ್ತಿದರು. ಅವರೂ ಭಕ್ತರೇ. ನಡುವೆ ನಿಂತು, ಕುಂಕುಮ ಕಂಡು, ಎರಡೂ ಕೈ ಎತ್ತಿ ಮುಗಿದರು. ಕಾಲಡಿ ಹತ್ತಿಬೀಜ!

ಸರ್ರನೆ ಜಾರಿದರು. ಮುಗಿದ ಕೈ ಬಿಚ್ಚಿ ಕಂಬಿಗೆ ಬಿತ್ತು. ಅವರ ದಪ್ಪ ಮುಷ್ಟಿ ನಾನು ಬಿಟ್ಟ ಸಂದಿಯಲ್ಲಿ ಸರಿಯಾಗಿ ಕೂತಿತು. ಅಷ್ಟು ಭಾರಕ್ಕೂ ನನ್ನ ಕಂಬಿ ಕೂದಲೆಳೆಯಷ್ಟೂ ಬಾಗಲಿಲ್ಲ. ಆ ಹೆಮ್ಮೆ ನನಗೆ ಸಾಯುವತನಕ ಸಾಕು.

ಓಡಿಹೋಗಿ ಅವರ ಸೊಂಟ ಹಿಡಿದೆ. "ಇನ್ನ ಕೈ ಬಿಡ್ರಿ ಸಾವ್ಕಾರ್ರ, ಕಂಬಿ ಕೀಳಬೇಕಲ್ರಿ?"

ಅವರು ಎರಡನೇ ಕೈಯಿಂದಲೂ ಕಂಬಿ ಹಿಡಿದರು. "ಆ ಕಡಿ ಗ್ವಾಡಿಗೂ ಒಂದು ಹಾಕು. ಹಾಕೋತನಕ ನಾನು ಇದನ್ನ ಬಿಡಂಗಿಲ್ಲ!"